ಶಂಕರನಾಗ್: ಬಾಳು ಮತ್ತು ದುಡಿಮೆ

ಅಂತಿಮ ಬಿ.ಎ. ವಿದ್ಯಾರ್ಥಿ, ಬಳಿಚಕ್ರ

ಯಾದಗಿರಿಯ ರೈಲು ನಿಲ್ದಾಣದ ಹೊರಗೆ ಸಾಲಾಗಿ ನಿಲ್ಲುವ ಆಟೋರಿಕ್ಷಾಗಳ ಬೆನ್ನ ಮೇಲೆ ಆಗಾಗ ಒಂದು ಮುಖ ಕಾಣಸಿಗುವುದು. ಕೆದರಿದ ಕೂದಲು, ತುಟಿಯಂಚಿನಲ್ಲಿ ನಗೆ, ದೂರದಲ್ಲಿ ಏನನ್ನೋ ಕಂಡವನ ನೋಟ. ಆ ಆಟೋಗಳನ್ನು ನಡೆಸುವ ತರುಣರಲ್ಲಿ ಹೆಚ್ಚಿನವರು ಆ ವ್ಯಕ್ತಿ ಕಾಲವಾದ ಅನಂತರ ಹುಟ್ಟಿದವರು. ಕಂಡರಿಯದ ಮನುಷ್ಯನೊಬ್ಬನ ಚಿತ್ರವನ್ನು ಹೊಟ್ಟೆಪಾಡಿನ ಬಂಡಿಯ ಮೇಲೆ ಬರೆಯಿಸಿಕೊಳ್ಳುವುದು ಸಾಮಾನ್ಯವಾದ ಸಂಗತಿಯಲ್ಲ. ದೇವರಿಗೆ, ಸಾಧುಸಂತರಿಗೆ ಸಲ್ಲುವ ಸ್ಥಾನವದು. ಅಂತಹ ಸ್ಥಾನವನ್ನು ಪಡೆದ ಆ ವ್ಯಕ್ತಿಯೇ ನಟ, ನಿರ್ದೇಶಕ ಶಂಕರನಾಗ್.

ಶಂಕರನಾಗ್ ಅವರನ್ನು ನಾವು ಬಲ್ಲೆವೆಂದೇ ನಮ್ಮೆಲ್ಲರ ಭಾವನೆ. ಆದರೆ ನಾವು ಬಲ್ಲುದು ಬಹುಮಟ್ಟಿಗೆ ಆ ಮುಖವನ್ನು ಮಾತ್ರ. ಆ ಮುಖದ ಹಿಂದೆ ನಡೆದ ದುಡಿಮೆ ಎಂತಹದು, ಕೇವಲ 35 ವರ್ಷ ಬದುಕಿದ ಮನುಷ್ಯನು ನಾಟಕ, ಸಿನಿಮಾ, ದೂರದರ್ಶನ ಈ ಮೂರು ಕ್ಷೇತ್ರಗಳಲ್ಲಿ ಅಷ್ಟೊಂದನ್ನು ಹೇಗೆ ಮಾಡಿದನು ಎಂಬುದನ್ನು ವಿಚಾರಿಸುವವರು ವಿರಳ. ನಮ್ಮಂತಹ ವಿದ್ಯಾರ್ಥಿಗಳಿಗೆ ಮುಖಕ್ಕಿಂತ ಆ ದುಡಿಮೆಯೇ ಹೆಚ್ಚು ಪ್ರಯೋಜನಕರವೆಂದು ನನ್ನ ನಂಬಿಕೆ. ಆದುದರಿಂದ ಅವರ ಬಾಳಿನ ಸ್ಥೂಲ ಪರಿಚಯವನ್ನು ಇಲ್ಲಿ ಮಾಡಿಕೊಡಲು ಯತ್ನಿಸಿದ್ದೇನೆ.

ಶಂಕರನಾಗ್ ಅವರು ಹುಟ್ಟಿದುದು 1954ನೆಯ ಇಸವಿ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸೀಮೆಯಲ್ಲಿ. ಮನೆತನದ ಹೆಸರು ನಾಗರಕಟ್ಟೆ. ತಂದೆ ಸದಾನಂದ, ತಾಯಿ ಆನಂದಿ. ಮನೆಯ ಮಾತು ಕೊಂಕಣಿ. ಅಣ್ಣ ಅನಂತನಾಗ್ ಆರು ವರ್ಷ ಹಿರಿಯರು. ತಂದೆತಾಯಿಗಳು ದೈವಭಕ್ತರು, ಮಠ ಆಶ್ರಮಗಳ ಸಂಪರ್ಕವುಳ್ಳವರು. ಭಜನೆ, ಕೀರ್ತನೆ, ಪುರಾಣಶ್ರವಣ ಇವು ಆ ಮನೆಯ ಮಕ್ಕಳಿಗೆ ದೊರೆತ ಮೊದಲ ಸಂಸ್ಕಾರ. ಸಿರಿವಂತಿಕೆ ಆ ಮನೆಯಲ್ಲಿರಲಿಲ್ಲ; ಕೇಳುವ ಕಿವಿ, ಹಾಡುವ ಕಂಠ ಇದ್ದವು.

ಕರಾವಳಿಯ ಅನೇಕ ಕುಟುಂಬಗಳ ಮಕ್ಕಳಂತೆ ಅಣ್ಣತಮ್ಮಂದಿರು ಮುಂಬಯಿಯನ್ನು ಸೇರಿದರು. ಆ ಕಾಲದ ಮುಂಬಯಿಯಲ್ಲಿ ಮರಾಠಿ ರಂಗಭೂಮಿಯು ಬಹು ಚೇತನದಿಂದ ಕೂಡಿದ್ದಿತು. ಹಗಲೆಲ್ಲ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ಇದ್ದು, ಸಂಜೆ ಯಾವುದೋ ಶಾಲೆಯ ಕೋಣೆಯಲ್ಲಿ ನೆರೆದು ತಾಲೀಮು ನಡೆಸುವ ತರುಣರ ತಂಡಗಳು ಅಲ್ಲಿ ಹೇರಳವಾಗಿದ್ದವು. ಶಂಕರನಾಗ್ ಅವರ ನಿಜವಾದ ವಿದ್ಯಾಲಯವೆಂದರೆ ಅದೇ. ನಟನೆಯೊಂದೇ ಅಲ್ಲ, ಪರದೆ ಎಳೆಯುವುದು, ದೀಪ ಹೊಂದಿಸುವುದು, ನಾಟಕ ಬರೆಯುವುದು ಮುಂತಾದ ಎಲ್ಲ ಕೆಲಸಗಳನ್ನೂ ಎಲ್ಲರೂ ಮಾಡಬೇಕಾದ ಜಗತ್ತದು. ಅಲ್ಲಿಯೇ ಅವರಿಗೆ ಅರುಂಧತಿ ಅವರ ಪರಿಚಯವಾಯಿತು. ಅನೇಕ ಭಾಷೆಗಳ ರಂಗಭೂಮಿಯಲ್ಲಿ ನುರಿತ ಆ ಕಲಾವಿದೆ ಮುಂದೆ ಅವರ ಸಹಧರ್ಮಿಣಿಯಾದರು. ಪುಣೆಯಲ್ಲಿ ಚಾಪೇಕರ ಸಹೋದರರು ಬ್ರಿಟಿಷ್ ಅಧಿಕಾರಿ ರ‍್ಯಾಂಡನನ್ನು ಕೊಂದ ಘಟನೆಯನ್ನು ಕುರಿತು ಮರಾಠಿಯಲ್ಲಿ ಬಂದ, 1979ರ ‘22 ಜೂನ್ 1897’ ಎಂಬ ಚಿತ್ರದ ಬರವಣಿಗೆಯಲ್ಲಿ ಶಂಕರನಾಗ್ ಅವರ ಪಾಲಿದ್ದಿತು. ರಾಷ್ಟ್ರಪ್ರಶಸ್ತಿಯನ್ನು ಪಡೆದ ಚಿತ್ರವದು.

ಇತ್ತ ಕನ್ನಡದಲ್ಲಿ ಏನು ನಡೆದಿದ್ದಿತೆಂಬುದನ್ನು ಸ್ವಲ್ಪ ನೋಡಬೇಕು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಅವರ ‘ಸಂಸ್ಕಾರ’ ಬಂದಿತು. ದೊಡ್ಡ ಬಂಡವಾಳ, ದೊಡ್ಡ ತಾರೆಯರು ಇಲ್ಲದೆಯೂ ಚಿತ್ರ ಮಾಡಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ ಒಂದರ ಹಿಂದೊಂದು ಬಂದವು. ಇವುಗಳಲ್ಲಿ ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ ಈ ಮೂರೂ ದೇಶದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನು ತಂದುಕೊಟ್ಟವು. ಆದರೆ ಹೊಸ ಅಲೆಯ ಈ ಚಿತ್ರಗಳು ಒಂದು ದಡ, ಜನ ಮುಗಿಬಿದ್ದು ನೋಡುವ ಚಿತ್ರಗಳು ಇನ್ನೊಂದು ದಡ ಎಂಬಂತಾಯಿತು. ನಡುವೆ ಸೇತುವೆ ಇರಲಿಲ್ಲ.

ಹೀಗಿರಲು 1978ರಲ್ಲಿ ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಜಪಾನಿನ ಅಕಿರ ಕುರೊಸಾವನ ಯೋಧಚಿತ್ರಗಳ ಪ್ರೇರಣೆಯಿಂದ, ನಮ್ಮ ನಾಡಿನ ಹಳೆಯ ಕಾಲದ ಕೂಲಿ ಸೈನಿಕರ ಕಥೆಯಾಗಿ ರೂಪುಗೊಂಡ ಚಿತ್ರವದು. ಅದರ ನಾಯಕನ ಪಾತ್ರಕ್ಕೆ ಅವರು ಕರೆತಂದುದು ಮುಂಬಯಿಯ ರಂಗಭೂಮಿಯಲ್ಲಿದ್ದ, ಕನ್ನಡ ಪ್ರೇಕ್ಷಕರು ಕಂಡರಿಯದ ಶಂಕರನಾಗ್ ಅವರನ್ನು. ಮೊದಲ ಕನ್ನಡ ಚಿತ್ರದಲ್ಲಿಯೇ, ಭಾರತದ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಪ್ರಶಸ್ತಿ ಅವರಿಗೆ ದೊರೆಯಿತು. ಇಷ್ಟು ದೊರೆತ ಮೇಲೆ ಬೇರೊಬ್ಬರಾಗಿದ್ದರೆ ಪ್ರಶಸ್ತಿಯ ಚಿತ್ರಗಳನ್ನೇ ನೆಚ್ಚಿ ಕುಳಿತಿರುತ್ತಿದ್ದರು, ಇಲ್ಲವೆ ಅದನ್ನು ತೋರಿಸಿ ಹೆಚ್ಚು ಸಂಬಳದ ಪಾತ್ರಗಳಿಗೆ ಓಡುತ್ತಿದ್ದರು. ಶಂಕರನಾಗ್ ಅವರು ಹಿಡಿದ ದಾರಿ ಮೂರನೆಯದು. ಅವರ ಬಾಳಿನ ಮರ್ಮವೆಲ್ಲ ಈ ಮೂರನೆಯ ದಾರಿಯಲ್ಲಿದೆ.

1980ರಲ್ಲಿ ಅಣ್ಣತಮ್ಮಂದಿರು ಸೇರಿ ‘ಮಿಂಚಿನ ಓಟ’ ಎಂಬ ಚಿತ್ರವನ್ನು ತೆಗೆದರು. ನಿರ್ದೇಶನ ಶಂಕರನಾಗ್ ಅವರದು. ಅದು ಅವರ ಮೊದಲ ನಿರ್ದೇಶನ. ಆಗ ಅವರಿಗೆ 25 ವರ್ಷ. ಕಾರು ಕದಿಯುವ ಕಳ್ಳರ ಕಥೆ. ಇದರಲ್ಲಿ ಓಟವಿದೆ, ನಗೆಯಿದೆ, ಕೊನೆಗೆ ಎದೆ ಹಿಂಡುವ ದುಃಖವಿದೆ. ಹೊಸ ಅಲೆಯ ಚಿತ್ರದ ಗಾಂಭೀರ್ಯವನ್ನೂ ಟೆಂಟು ಸಿನಿಮಾದ ಸ್ವಾರಸ್ಯವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ಅಡಿಗೆಯದು. ರಾಜ್ಯ ಪ್ರಶಸ್ತಿಗಳು ಅದಕ್ಕೆ ಸಂದವು. ಮುಂದೆ ‘ಜನ್ಮ ಜನ್ಮದ ಅನುಬಂಧ’, ‘ಗೀತಾ’ ಚಿತ್ರಗಳನ್ನು ಅವರು ನಿರ್ದೇಶಿಸಿದರು. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಅವರು ಹೊಂದಿಸಿದ ಹಾಡುಗಳನ್ನು ನಮ್ಮ ವಾರ್ಷಿಕ ಸ್ನೇಹಸಮ್ಮೇಳನಗಳಲ್ಲಿ ಯಾರಾದರೊಬ್ಬರು ಇಂದಿಗೂ ಹಾಡುವರು.

ಇದೇ ಕಾಲಕ್ಕೆ ಅವರು ಬೇರೆಯವರ ಚಿತ್ರಗಳಲ್ಲಿ ಬಿಡುವಿಲ್ಲದೆ ಅಭಿನಯಿಸುತ್ತಿದ್ದರು. 1980ರ ‘ಆಟೋ ರಾಜ’ ಅವರನ್ನು ರಿಕ್ಷಾ ಚಾಲಕರ ಆಪ್ತನನ್ನಾಗಿ ಮಾಡಿತು. ಹನ್ನೆರಡು ವರ್ಷಗಳ ಅವಧಿಯಲ್ಲಿ ಅವರು ನಟಿಸಿದ ಚಿತ್ರಗಳು 80ರ ಆಸುಪಾಸಿನಲ್ಲಿವೆ. ಸತ್ಯವನ್ನೇ ಹೇಳಬೇಕೆಂದರೆ ಇವುಗಳಲ್ಲಿ ಅನೇಕವು ಸಾಧಾರಣ ಚಿತ್ರಗಳು. ಹೊಡೆದಾಟ, ಹಾಡು, ಸೇಡು ಇಷ್ಟರಲ್ಲೇ ಮುಗಿಯುವಂತಹವು. ಅಂತಹ ಪ್ರತಿಭಾವಂತರು ಇಂತಹ ಚಿತ್ರಗಳಲ್ಲಿ ಏಕೆ ಕಾಲ ಕಳೆದರೆಂದು ಕೆಲವು ರಸಿಕರು ಆಕ್ಷೇಪಿಸುವುದುಂಟು.

ಈ ಆಕ್ಷೇಪವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನಮ್ಮಂತಹ ಮನೆಗಳಲ್ಲಿ ಕಲೆಯ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ ಅದರಿಂದ ರೊಟ್ಟಿ ಹುಟ್ಟುವುದೇ ಎಂಬುದು. ಅದು ಸಣ್ಣ ಪ್ರಶ್ನೆಯಲ್ಲ, ತಪ್ಪು ಪ್ರಶ್ನೆಯೂ ಅಲ್ಲ. ಸ್ವತಂತ್ರ ಕಲಾವಿದನೆಂದರೆ ಹೊಟ್ಟೆಯ ಚಿಂತೆಯಿಲ್ಲದವನು, ಮನೆಯಲ್ಲಿ ಆಸ್ತಿಯುಳ್ಳವನು ಎಂದು ತಿಳಿದರೆ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಆ ಬಾಗಿಲು ಎಂದೆಂದಿಗೂ ಮುಚ್ಚಿದ್ದೇ ಸರಿ. ಶಂಕರನಾಗ್ ಅವರು ಸಾಧಾರಣ ಚಿತ್ರಗಳಲ್ಲಿ ದುಡಿದು ಸಂಬಳ ತಂದರು. ತಮಗೆ ಬೇಕಾದ ಚಿತ್ರ, ನಾಟಕಗಳಿಗೆ ಮತ್ತೊಬ್ಬರ ಮರ್ಜಿಯನ್ನು ಕಾಯದೆ ನಿಂತರು. ಹೊಲವುಳ್ಳ ರೈತನೂ ಬೇಸಗೆಯಲ್ಲಿ ಬೇರೆಯವರಲ್ಲಿ ಕೂಲಿ ಮಾಡಿ ಬಿತ್ತನೆಯ ಬೀಜಕ್ಕೆ ಹಣ ಹೊಂದಿಸುವುದುಂಟು. ಅದನ್ನು ಯಾರೂ ಅವಮಾನವೆನ್ನುವುದಿಲ್ಲ. ಸ್ವಾತಂತ್ರ್ಯವು ಅವರಿಗೆ ಬಳುವಳಿಯಾಗಿ ಬಂದುದಲ್ಲ, ದುಡಿದು ಗಳಿಸಿದುದು.

ಹಾಗೆ ಗಳಿಸಿದ ಸ್ವಾತಂತ್ರ್ಯವನ್ನು ಅವರು ಯಾವುದಕ್ಕೆ ಬಳಸಿದರೆಂಬುದಕ್ಕೆ 1985ರ ‘ಆಕ್ಸಿಡೆಂಟ್’ ಸಾಕ್ಷಿ. ನಗರದ ಕಾಲುದಾರಿಯ ಮೇಲೆ ರಾತ್ರಿ ಮಲಗಿದ್ದ ಬಡವರ ಮೇಲೆ ರಾಜಕಾರಣಿಯೊಬ್ಬನ ಮಗ ಅಮಲಿನಲ್ಲಿ ಕಾರು ಹರಿಸುವನು. ತಂದೆಯ ಅಧಿಕಾರ ಆ ಪಾಪವನ್ನು ಮುಚ್ಚಲು ಹೊರಡುವುದು. ಪತ್ರಕರ್ತನೊಬ್ಬ ಅದನ್ನು ಬಯಲಿಗೆಳೆಯಲು ಹೆಣಗುವನು. ರಾಜಕಾರಣಿಯಾಗಿ ಅನಂತನಾಗ್, ಪತ್ರಕರ್ತನಾಗಿ ಸ್ವತಃ ಶಂಕರನಾಗ್ ನಟಿಸಿರುವರು. ಸಾಮಾಜಿಕ ಸಮಸ್ಯೆಯನ್ನು ಕುರಿತ ಶ್ರೇಷ್ಠ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು.

ಈ ಚಿತ್ರವನ್ನು ನಾನು ಕಳೆದ ವರ್ಷ ಮೊಬೈಲ್ ಫೋನಿನ ಪುಟ್ಟ ಪರದೆಯ ಮೇಲೆ ನೋಡಿದೆ. ಆ ರಾತ್ರಿ ನಿದ್ರೆ ಬರಲಿಲ್ಲ. ಸುಗ್ಗಿ ಮುಗಿದೊಡನೆ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಬೆಂಗಳೂರಿಗೆ, ಮುಂಬಯಿಗೆ, ಹೈದರಾಬಾದಿಗೆ ಗುಳೆ ಹೋಗುವುದನ್ನು ನಾವೆಲ್ಲ ಬಲ್ಲೆವು. ಬೀಗ ಹಾಕಿದ ಮನೆಗಳ ಮುಂದೆ ಮುದುಕರು ಮಾತ್ರ ಕುಳಿತಿರುವರು. ಹೋದವರು ಕಟ್ಟಡಗಳ ಬದಿಯಲ್ಲಿ, ರಸ್ತೆಯ ಅಂಚಿನಲ್ಲಿ ಮಲಗುವರು. ಪರದೆಯ ಮೇಲೆ ಕಾಲುದಾರಿಯಲ್ಲಿ ಮಲಗಿದ್ದ ಆ ಜನ ನನಗೆ ಅಪರಿಚಿತರಾಗಿ ಕಾಣಲಿಲ್ಲ. ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿಯಾಗಿ ಮುಗಿಯುವ ಸಾವುಗಳ ಹಿಂದೆ ಮನುಷ್ಯರಿದ್ದಾರೆಂದು ಹೇಳಲು, ತೆರೆಯ ಮೇಲೆ ಮೆರೆಯುತ್ತಿದ್ದ ನಾಯಕನಟನೊಬ್ಬ ತನ್ನ ಹೆಸರನ್ನೂ ಶ್ರಮವನ್ನೂ ಪಣಕ್ಕಿಟ್ಟನಲ್ಲ, ಅದೇ ನನಗೆ ದೊಡ್ಡದಾಗಿ ತೋರಿತು.

ಸಿನಿಮಾ ಕೈಹಿಡಿದ ಮೇಲೆ ರಂಗಭೂಮಿಯನ್ನು ಮರೆತ ನಟರು ಅನೇಕರು. ಶಂಕರನಾಗ್ ಅವರು ಅದನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ ಅರುಂಧತಿ ಹಾಗೂ ಗೆಳೆಯರೊಡನೆ ‘ಸಂಕೇತ್’ ಎಂಬ ನಾಟಕ ತಂಡವನ್ನು ಕಟ್ಟಿದರು. ಕಾರ್ನಾಡರ ‘ಅಂಜುಮಲ್ಲಿಗೆ’, ‘ನಾಗಮಂಡಲ’, ಮರಾಠಿಯ ಜಯವಂತ ದಳವಿ ಅವರ ‘ಸಂಧ್ಯಾಛಾಯಾ’ ಮುಂತಾದ ನಾಟಕಗಳನ್ನು ಆ ತಂಡ ರಂಗದ ಮೇಲೆ ತಂದಿತು. ಹಗಲು ಚಿತ್ರೀಕರಣ, ಸಂಜೆ ತಾಲೀಮು. ನಾಟಕದಿಂದ ಹಣ ಬರುವುದಿಲ್ಲವೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆದರೆ ಅಲ್ಲಿ ಕಲಿತ ಶಿಸ್ತು, ಅಲ್ಲಿ ದೊರೆತ ಸಂಗಾತಿಗಳು ಇವೇ ಅವರ ಚಿತ್ರಗಳಿಗೂ ಬೇರಾಗಿದ್ದವು. ರಮೇಶ್ ಭಟ್ ಅವರಂತಹ ರಂಗಭೂಮಿಯ ಗೆಳೆಯರು ನಾಟಕ, ಚಿತ್ರ, ಧಾರಾವಾಹಿ ಎಲ್ಲದರಲ್ಲಿಯೂ ಅವರ ಜೊತೆಯಾದರು.

ಅವರ ಮತ್ತೊಂದು ಕೆಲಸ ಪ್ರೇಕ್ಷಕರ ಕಣ್ಣಿಗೆ ಬೀಳದಂತಹದು. ಕನ್ನಡ ಚಿತ್ರೋದ್ಯಮವು ಬಹುಕಾಲ ಪರಸ್ಥಳಗಳನ್ನೇ ಅವಲಂಬಿಸಿದ್ದಿತು. 1934ರಲ್ಲಿ ಬಂದ ‘ಸತಿ ಸುಲೋಚನಾ’, ಕನ್ನಡದ ಮೊದಲ ವಾಕ್ಚಿತ್ರ, ತಯಾರಾದುದು ಕೊಲ್ಲಾಪುರದಲ್ಲಿ. ಅನಂತರ ಮದರಾಸು ನಮ್ಮ ಚಿತ್ರಗಳ ತವರಾಯಿತು. ಚಿತ್ರೀಕರಣ ಕರ್ನಾಟಕಕ್ಕೆ ಬಂದ ಮೇಲೂ ಮಾತು, ಹಾಡುಗಳ ಧ್ವನಿಮುದ್ರಣಕ್ಕಾಗಿ ನಿರ್ಮಾಪಕರು ಬಹುಮಟ್ಟಿಗೆ ಮದರಾಸಿಗೇ ಪಯಣ ಬೆಳೆಸಬೇಕಾಗಿದ್ದಿತು. ಸಣ್ಣ ಬಂಡವಾಳದ ಚಿತ್ರಕ್ಕೆ ಈ ಹೋಗಿಬರುವ ಖರ್ಚೇ ಭಾರ. ಇದನ್ನು ಮನಗಂಡ ಶಂಕರನಾಗ್ ಅವರು ಬೆಂಗಳೂರಿನಲ್ಲಿ ‘ಸಂಕೇತ್ ಎಲೆಕ್ಟ್ರಾನಿಕ್ಸ್’ ಎಂಬ ಧ್ವನಿಮುದ್ರಣ ಕೇಂದ್ರವನ್ನು ಸ್ಥಾಪಿಸಿದರು. ಒಬ್ಬನು ಒಳ್ಳೆಯ ಚಿತ್ರ ಮಾಡಿದರೆ ಅದು ಅವನ ಕೀರ್ತಿ. ಹತ್ತು ಜನ ಚಿತ್ರ ಮಾಡಲು ಬೇಕಾದ ಸಲಕರಣೆಯನ್ನು ಒಬ್ಬನು ಊರಿಗೆ ತಂದರೆ ಅದು ನಾಡಿನ ಸೊತ್ತು. ಊರ ಮುಂದೆ ತನಗಾಗಿ ಅಲ್ಲದೆ ಎಲ್ಲರಿಗಾಗಿ ಬಾವಿ ತೋಡಿಸಿದವರನ್ನು ನಮ್ಮ ಹಿರಿಯರು ನೆನೆಯುವುದು ಈ ಕಾರಣದಿಂದಲೇ.

ಇನ್ನು ದೂರದರ್ಶನದ ಮಾತಿಗೆ ಬರೋಣ. ಇಲ್ಲಿ ನಮ್ಮ ಭಾಗದ ಒಂದು ಸಂಗತಿಯನ್ನು ವಾಚಕರ ಗಮನಕ್ಕೆ ತರುವುದು ಉಚಿತ. ನಾವು ಹಿಂದುಳಿದವರೆಂಬ ಮಾತನ್ನು ಕೇಳಿ ಕೇಳಿ ನಮಗೆ ರೂಢಿಯಾಗಿದೆ. ಆದರೆ ಕರ್ನಾಟಕದಲ್ಲಿ ದೂರದರ್ಶನವು ರಾಜಧಾನಿಗಿಂತ ಮೊದಲು ಬಂದುದು ನಮ್ಮ ಕಡೆಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ ಸರಕಾರವು ಉಪಗ್ರಹದ ಮೂಲಕ ಶಿಕ್ಷಣ ನೀಡುವ ‘ಸೈಟ್’ ಎಂಬ ಪ್ರಯೋಗವನ್ನು ನಡೆಸಿತು. ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, 6 ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಊರಿಗೊಂದರಂತೆ ಟಿ.ವಿ. ಪೆಟ್ಟಿಗೆಗಳನ್ನು ಇರಿಸಲಾಯಿತು. ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ಆರಿಸಿದ ಪ್ರದೇಶದಲ್ಲಿ ಕಲಬುರಗಿ ಜಿಲ್ಲೆ ಸೇರಿದ್ದಿತು. ಯಾದಗಿರಿ ಆಗ ಆ ಜಿಲ್ಲೆಯ ಒಂದು ತಾಲ್ಲೂಕು. ಮುಂದೆ 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರ ಪ್ರಾರಂಭವಾಯಿತು. ಬೆಂಗಳೂರಿಗೆ ಅದು ಬಂದುದು 1981ರಲ್ಲಿ.

ಹೀಗೆ ಯಂತ್ರ ನಮಗೆ ಮೊದಲು ಬಂದಿತು. ಆದರೆ ಆ ಯಂತ್ರದಲ್ಲಿ ಕಾಣುವ ಕಥೆಗಳನ್ನು ಮಾಡುವವರು ನಾವಾಗಿರಲಿಲ್ಲ. ಸೈಟ್ ಪ್ರಯೋಗದ ಕನ್ನಡ ಕಾರ್ಯಕ್ರಮಗಳು ಸಹ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ನಾವು ಚಾಪೆ ಹಾಸಿ ಕುಳಿತು ನೋಡುವವರಾದೆವು. ನೋಡುವವರಿಗೂ ಮಾಡುವವರಿಗೂ ನಡುವಣ ಈ ಅಂತರವನ್ನು ದಾಟುವುದು ಹೇಗೆಂಬುದಕ್ಕೆ ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಒಂದು ಉತ್ತಮ ಪಾಠ.

1982ರಲ್ಲಿ ದೇಶಕ್ಕೆ ಬಣ್ಣದ ದೂರದರ್ಶನ ಬಂದಿತು. 1984ರಲ್ಲಿ ‘ಹಮ್ ಲೋಗ್’ ಧಾರಾವಾಹಿಯ ಯಶಸ್ಸಿನಿಂದ ಹೊಸ ಯುಗವೇ ಆರಂಭವಾಯಿತು. ಚಿತ್ರರಂಗದ ಅನೇಕರಿಗೆ ಇದು ಕಂಟಕವಾಗಿ ಕಂಡಿತು. ಜನ ಮನೆಯಲ್ಲೇ ಕುಳಿತು ನೋಡಿದರೆ ಚಿತ್ರಮಂದಿರಕ್ಕೆ ಯಾರು ಬಂದಾರು ಎಂಬ ಭಯ. ಪ್ರಸಿದ್ಧ ನಾಯಕನಟನು ಆ ಚಿಕ್ಕ ಪೆಟ್ಟಿಗೆಗಾಗಿ ಕೆಲಸ ಮಾಡುವುದು ಗೌರವಕ್ಕೆ ಕುಂದೆಂಬ ಭಾವನೆಯೂ ಇದ್ದಿತು. ಶಂಕರನಾಗ್ ಅವರಾದರೋ ಆ ಪೆಟ್ಟಿಗೆಯಲ್ಲಿ ಮತ್ತೊಂದು ರಂಗಮಂಚವನ್ನು ಕಂಡರು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ, ಟಿ.ಎಸ್. ನರಸಿಂಹನ್ ಅವರ ನಿರ್ಮಾಣದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ನಿರ್ದೇಶಿಸಿದರು. 1986-87ರ ಹೊತ್ತಿಗೆ ಅದು ದೇಶದಾದ್ಯಂತ ಪ್ರಸಾರವಾಗತೊಡಗಿತು.

ಮಾಲ್ಗುಡಿ ಎಂಬ ಊರು ಭೂಪಟದಲ್ಲಿಲ್ಲ. ಅದನ್ನು ಕಟ್ಟಲು ಮುಂಬಯಿಯ ದೊಡ್ಡ ಸ್ಟುಡಿಯೋಗಳಿದ್ದವು. ಶಂಕರನಾಗ್ ಅವರು ಆರಿಸಿದುದು ಶಿವಮೊಗ್ಗ ಜಿಲ್ಲೆಯ ಆಗುಂಬೆಯನ್ನು. ವರ್ಷದ ಬಹುಭಾಗ ಮಳೆ ಸುರಿಯುವ, ಸೌಕರ್ಯಗಳು ಕಡಿಮೆಯಿರುವ ಸಣ್ಣ ಊರದು. ಅಲ್ಲಿಯ ಹಳೆಯ ದೊಡ್ಡಮನೆಯೇ ಸ್ವಾಮಿಯ ಮನೆಯಾಯಿತು. ಊರ ಬೀದಿಯೇ ಮಾಲ್ಗುಡಿಯ ಬೀದಿಯಾಯಿತು. ಕಲಾನಿರ್ದೇಶಕ ಜಾನ್ ದೇವರಾಜ್ ಅವರು ಕಥೆಯಲ್ಲಿ ಬರುವ ಸರ್ ಫ್ರೆಡ್ರಿಕ್ ಲಾಲೆಯ ಪ್ರತಿಮೆಯನ್ನು ರೂಪಿಸಿದರು. ಅದೇ ಜಿಲ್ಲೆಯ ಅರಸಾಳು ಎಂಬ ಪುಟ್ಟ ರೈಲು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ರೈಲ್ವೆ ಇಲಾಖೆಯು ಈಗ ಅಲ್ಲಿ ಮಾಲ್ಗುಡಿಯ ಹೆಸರಿನಲ್ಲಿ ವಸ್ತುಸಂಗ್ರಹಾಲಯವನ್ನೇ ಮಾಡಿದೆ. ಬಾಲಕ ಮಂಜುನಾಥ್ ಸ್ವಾಮಿಯಾದನು, ಗಿರೀಶ ಕಾರ್ನಾಡರು ಅವನ ತಂದೆಯಾದರು. ಕಥೆಗಾರರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ ಇವು ಧಾರಾವಾಹಿಗೆ ಕಳೆಕೊಟ್ಟವು. ನಾರಾಯಣ್ ಅವರು ಮೆಚ್ಚುವುದು ಸುಲಭವಾಗಿರಲಿಲ್ಲ. ತಮ್ಮ ‘ಗೈಡ್’ ಕಾದಂಬರಿಯನ್ನು 1965ರಲ್ಲಿ ಹಿಂದಿ ಚಿತ್ರವಾಗಿಸಿದ ಬಗೆ ಅವರಿಗೆ ಒಪ್ಪಿಗೆಯಾಗಿರಲಿಲ್ಲ; ಮಾಲ್ಗುಡಿಯ ಸಣ್ಣತನವನ್ನು ಅದು ಕಳೆದುಕೊಂಡಿದ್ದಿತು. ಶಂಕರನಾಗ್ ಅವರು ಸಣ್ಣದನ್ನು ಸಣ್ಣದಾಗಿಯೇ ಉಳಿಸಿದರು. ಶಾಲೆಗೆ ತಪ್ಪಿಸಿಕೊಳ್ಳುವ ಹುಡುಗ, ಮಿಠಾಯಿ ಮಾರುವ ಮುದುಕ ಇವರ ಸುಖದುಃಖಗಳಿಗೆ ಇಡೀ ದೇಶ ಕಿವಿಗೊಟ್ಟಿತು.

ನಮ್ಮ ಅವ್ವ ಶಾಲೆ ಕಂಡವಳಲ್ಲ. ಚಿಕ್ಕಂದಿನಲ್ಲಿ ಊರಿನ ಒಂದೇ ಒಂದು ಟಿ.ವಿ. ಇದ್ದ ಮನೆಯ ಕಟ್ಟೆಯ ಮೇಲೆ ನಿಂತು ಕಿಟಕಿಯಿಂದ ಇದನ್ನು ನೋಡಿದ್ದಳಂತೆ. ಧಾರಾವಾಹಿಯ ಹಿಂದಿ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಸ್ವಾಮಿಯ ಕಥೆಯನ್ನು ಇಂದಿಗೂ ತಪ್ಪಿಲ್ಲದೆ ಹೇಳುತ್ತಾಳೆ; ರೊಟ್ಟಿ ಬಡಿಯುವಾಗ ಅದರ ರಾಗವನ್ನು ಗುನುಗುತ್ತಾಳೆ. ಒಂದು ಕೃತಿಯು ಎಲ್ಲಿಯವರೆಗೆ ಮುಟ್ಟಬಲ್ಲುದೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ತಿಳಿಯದು.

ಇಷ್ಟಾದರೂ ಶಂಕರನಾಗ್ ಅವರಿಗೆ ಬಿಡುವೆಂಬುದಿರಲಿಲ್ಲ. 1987ರಲ್ಲಿ ಡಾ. ರಾಜಕುಮಾರ್ ಅವರನ್ನು ನಾಯಕರನ್ನಾಗಿಸಿ, ಅಮೆರಿಕದ ಜಾನ್ ಸ್ಟೈನ್‌ಬೆಕ್‌ನ ಕಥೆಯೊಂದರ ಪ್ರೇರಣೆಯಿಂದ ‘ಒಂದು ಮುತ್ತಿನ ಕಥೆ’ಯನ್ನು ತೆಗೆದರು. ಅದಕ್ಕಾಗಿ ನೀರಿನಾಳದಲ್ಲಿ ಚಿತ್ರೀಕರಣ ನಡೆಸಿದರು. ಬೆಂಗಳೂರಿನ ಹೊರವಲಯದಲ್ಲಿ ಕಂಟ್ರಿ ಕ್ಲಬ್ಬನ್ನು ಕಟ್ಟಿದರು. ಬೆಂಗಳೂರಿಗೆ ಮೆಟ್ರೊ ರೈಲು ಬೇಕು, ನಂದಿಬೆಟ್ಟಕ್ಕೆ ಹಗ್ಗದ ದಾರಿ ಬೇಕು, ಬಡವರಿಗೆ ಅಗ್ಗದ ಮನೆ ಬೇಕು ಎಂದು ಯೋಜನೆಗಳನ್ನು ಹಿಡಿದು ಓಡಾಡಿದರು. ಅಂದು ಕನಸುಗಾರನ ಹಂಬಲವೆನಿಸಿದ ಮೆಟ್ರೊ 2011ರ ಅಕ್ಟೋಬರ್ 20ರಂದು ಬೆಂಗಳೂರಿನಲ್ಲಿ ಸಂಚಾರ ಆರಂಭಿಸಿತು. ನೋಡಲು ಅವರು ಇರಲಿಲ್ಲ. ಅವರ ಯೋಜನೆಗಳೆಲ್ಲವೂ ಕೈಗೂಡಲಿಲ್ಲ. ಏಕಕಾಲಕ್ಕೆ ಹಲವು ಕೆಲಸಗಳನ್ನು ಹಚ್ಚಿಕೊಂಡವರ ಬಾಳಿನಲ್ಲಿ ಅಪೂರ್ಣತೆ ಉಳಿಯುವುದು ಸಹಜ. ವಯಸ್ಸು ಅವರ ಕಡೆಗಿದ್ದಿತು, ಕಾಲ ಇರಲಿಲ್ಲ.

1990ನೆಯ ಇಸವಿ ಸೆಪ್ಟೆಂಬರ್ 30. ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕಾಗಿ ಅವರು ಕುಟುಂಬದೊಡನೆ ಕಾರಿನಲ್ಲಿ ಉತ್ತರ ಕರ್ನಾಟಕದ ಕಡೆಗೆ ಹೊರಟಿದ್ದರು. ದಾವಣಗೆರೆಯ ಸಮೀಪ ಆನಗೋಡಿನ ಬಳಿ ಹೆದ್ದಾರಿಯಲ್ಲಿ ಸಂಭವಿಸಿದ ಅಪಘಾತದಲ್ಲಿ ಶಂಕರನಾಗ್ ಅವರು ಮೃತರಾದರು. ಪತ್ನಿ ಗಾಯಗೊಂಡರು, ಅವರೂ ಮಗಳೂ ಬದುಕುಳಿದರು. ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನಗಳಿದ್ದವು. ಅವರ ಕೊನೆಯ ಪಯಣದ ಮುಖ ನಮ್ಮ ಉತ್ತರದ ನಾಡಿನ ಕಡೆಗಿದ್ದಿತು, ನಮ್ಮ ಸೀಮೆಯ ಜಾನಪದ ನಾಟಕವನ್ನು ಬೆಳ್ಳಿತೆರೆಗೆ ತರುವ ಹಾದಿಯಲ್ಲಿದ್ದಿತು ಎಂಬುದನ್ನು ನೆನೆದಾಗ ಮನಸ್ಸು ಭಾರವಾಗುವುದು.

ಸತ್ತವರ ಕೆಲಸ ಅವರೊಡನೆ ಮುಗಿಯಬೇಕೆಂದೇನೂ ಇಲ್ಲ. ದುಃಖದಿಂದ ಮೇಲೆದ್ದ ಅರುಂಧತಿನಾಗ್ ಅವರು ಪತಿಯ ಮತ್ತೊಂದು ಕನಸಿಗೆ ಟೊಂಕ ಕಟ್ಟಿದರು. ನಾಟಕಕ್ಕೆಂದೇ ಮೀಸಲಾದ, ತಂಡಗಳಿಗೆ ಎಟಕುವ ಬಾಡಿಗೆಯ ರಂಗಮಂದಿರವದು. ಹಲವು ವರ್ಷಗಳ ಪರಿಶ್ರಮದಿಂದ 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ ತೆರೆಯಿತು. ಶಂಕರನಾಗ್ ಅವರ ಹೆಸರಿನಲ್ಲಿ ಕಲ್ಲಿನ ಪ್ರತಿಮೆ ನಿಲ್ಲುವುದಕ್ಕಿಂತ, ಬೇರೆಯವರು ಬಂದು ನಾಟಕವಾಡುವ ಮನೆಯೊಂದು ನಿಂತುದು ಅವರ ಬಾಳಿಗೆ ತಕ್ಕ ಸ್ಮಾರಕವೇ ಸರಿ.

ಚರಿತ್ರೆ ಬರೆಯುವವನು ಭಕ್ತಿಯಲ್ಲಿ ಮೈಮರೆಯಬಾರದು. ಶಂಕರನಾಗ್ ಅವರಿಗೆ ಕೆಲವು ಅನುಕೂಲಗಳಿದ್ದವು. ಮುಂಬಯಿಯಂತಹ ನಗರದ ರಂಗಭೂಮಿ ದೊರೆಯಿತು. 1974ರ ‘ಅಂಕುರ್’ ಚಿತ್ರದಿಂದಲೇ ಹೆಸರು ಮಾಡಿದ್ದ ಅಣ್ಣನು ಮುಂದಿದ್ದನು. ಕಾರ್ನಾಡರಂತಹವರ ಕಣ್ಣಿಗೆ ಬೀಳುವ ಯೋಗ ಕೂಡಿಬಂದಿತು. ಬಳಿಚಕ್ರದ, ಶಹಾಪುರದ, ಸುರಪುರದ ಹುಡುಗನೊಬ್ಬನಿಗೆ ಇವು ಯಾವುವೂ ಇಲ್ಲ. ಇದನ್ನು ಮುಚ್ಚಿಟ್ಟು, ಮನಸ್ಸಿದ್ದರೆ ಸಾಕೆಂದು ಉಪದೇಶಿಸುವುದು ಪ್ರಾಮಾಣಿಕತೆಯಲ್ಲ.

ಆದರೆ ಅವರಿಗೆ ಇಲ್ಲದಿದ್ದ ಒಂದು ನಮಗಿದೆ. ‘ಮಿಂಚಿನ ಓಟ’ ತೆಗೆಯಲು ಅವರಿಗೆ ಭಾರವಾದ ಕ್ಯಾಮರಾ, ಬೆಲೆಯುಳ್ಳ ಫಿಲ್ಮಿನ ಸುರುಳಿ, ಪರಊರಿನ ಪ್ರಯೋಗಶಾಲೆ ಬೇಕಾಗಿದ್ದವು. ಇಂದು ನಮ್ಮ ತರಗತಿಯ ಬಹುತೇಕ ಎಲ್ಲರ ಜೇಬಿನಲ್ಲಿ ಕ್ಯಾಮರಾ ಇದೆ, ಧ್ವನಿ ಹಿಡಿಯುವ ಯಂತ್ರವಿದೆ, ಮಾಡಿದುದನ್ನು ಜಗತ್ತಿಗೆ ತೋರಿಸುವ ದಾರಿಯಿದೆ. 1975ರಲ್ಲಿ ಬಂದಂತೆ ಈ ಸಲವೂ ಯಂತ್ರ ನಮ್ಮ ಮನೆಬಾಗಿಲಿಗೆ ಬಂದಿದೆ. ಈ ಸಲವೂ ನಾವು ಬಹುಮಟ್ಟಿಗೆ ನೋಡುವವರಾಗಿಯೇ ಉಳಿದಿದ್ದೇವೆ. ಅರೆನಿಮಿಷದ ಕುಣಿತಗಳನ್ನು ಬೆರಳಿನಿಂದ ಸರಿಸುತ್ತ ರಾತ್ರಿ ಕಳೆಯುತ್ತೇವೆ. ನಮ್ಮ ಜಾತ್ರೆಯ ಬಯಲಾಟ, ಗುಳೆ ಹೋಗುವ ಲಾರಿಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ, ಹೊತ್ತು ಮುಳುಗುವಾಗ ಕೆಂಪಾಗುವ ಯಾದಗಿರಿಯ ಕೋಟೆಯ ಬಂಡೆಗಳು, ಇವನ್ನು ನಾವು ತೋರಿಸದಿದ್ದರೆ ಬೇರೆ ಯಾರು ಬಂದು ತೋರಿಸುವರು?

ಯಂತ್ರ ದೊರೆತೊಡನೆ ಕಲೆ ಹುಟ್ಟದು. ಜೊತೆಗೆ ದುಡಿಯುವ ನಾಲ್ಕು ಗೆಳೆಯರು, ತಾಲೀಮಿನ ತಾಳ್ಮೆ, ಹೊಟ್ಟೆಪಾಡಿನ ಕೆಲಸವನ್ನು ಕೀಳೆಂದು ತಿಳಿಯದ ಬುದ್ಧಿ, ನಮ್ಮ ಊರಿನ ಸಣ್ಣ ಸಂಗತಿಯೂ ಹೇಳತಕ್ಕುದೆಂಬ ನಂಬಿಕೆ ಇವು ಬೇಕು. ಶಂಕರನಾಗ್ ಅವರ ಬಾಳನ್ನು ಓದಿ ನಾನು ಕಲಿತುದು ಇಷ್ಟು. ಬರುವ ಬೇಸಗೆಯ ರಜೆಯಲ್ಲಿ ನಾವು ಐದು ಜನ ಗೆಳೆಯರು ಸೇರಿ, ನಮ್ಮೂರಿನ ಬಯಲಾಟದ ಹಿರಿಯ ಕಲಾವಿದರ ಆಟವನ್ನು ಇಡೀ ರಾತ್ರಿ ಚಿತ್ರಿಸಿಕೊಳ್ಳಬೇಕೆಂದು ನಿಶ್ಚಯಿಸಿದ್ದೇವೆ. ದೀಪಕ್ಕೆ, ಊಟಕ್ಕೆ ತಗಲುವ ಖರ್ಚನ್ನು ಹತ್ತಿ ಬಿಡಿಸುವ ಕೂಲಿಯಿಂದ ಕೂಡಿಸಿಟ್ಟಿದ್ದೇವೆ. ಅದು ಹೇಗೆ ಬರುವುದೋ ತಿಳಿಯದು. ಆ ಹಿರಿಯರಿಗೆ ಈಗ ವಯಸ್ಸಾಗಿದೆ. ಇನ್ನೊಂದು ವರ್ಷ ಕಾಯುವಂತಿ‌ಲ್ಲ.